ಗುಟ್ಟಿನ ಮೇಲ್, ಗೋಡೆ ತುಂಬಾ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಫೋನು ಈ ಜನ್ಮದಲ್ಲಿ ಚಾರ್ಜ್ ಆಗದಿರಲಿ.

ಬೇರೆ ಯಾರೂ ಓದದಂತೆ ಬೀಗ ಹಾಕಿದ ಮೇಲ್ ಕಳಿಸುವ ಆ್ಯಪ್‌ನ ಕಂಪನಿಯಲ್ಲಿ ಒಬ್ಬನಿದ್ದ, ಅವನಿಗೆ ಎಲ್ಲರೂ ಇಟ್ಟ ಹೆಸರು ಚಿಲಕ. ಮೇಲ್ ಬಂದಾಗ ಫೋನನ್ನು 'ಟಿಣ್' ಅನ್ನಿಸುವುದು ಅವನ ಕೆಲಸ. ಆ ಟಿಣ್ ಕಂಡವರ ಸರ್ವರ್ ದಾಟಿ ಹೋಗುತ್ತದೆ. ಅದರಲ್ಲಿ 'ಹೊಸ ಮೇಲ್ ಬಂದಿದೆ' ಎಂಬುದರ ಹೊರತು ಏನೂ ಇರಕೂಡದೆಂದು ಅವನ ಹಟ. ಬಾಸಿಗೆ ಅದು ಸಪ್ಪೆ. ಕಳಿಸಿದವರ ಹೆಸರು, ಮೊದಲ ಸಾಲು ಪರದೆಯ ಮೇಲೇ ಕಾಣುವಂತೆ ಒಂದು ದಿನ ಬೆಳಿಗ್ಗೆ ಬೇರೆಯವರ ಕೈಲಿ ಮಾಡಿಸಿಬಿಟ್ಟಿದ್ದ.

"ಒಂಚೂರು ಕಂಡ್ರೆ ತಾನೇ ಜನ ಒತ್ತೋದು," ಎಂದು ಬಾಸು ಹಲ್ಲಿನ ಸಂದಿಗೆ ಕಡ್ಡಿ ಹಾಕಿ, ಕಿತ್ತದ್ದನ್ನು ಕಣ್ತುಂಬ ನೋಡಿ, ಮತ್ತೆ ಬಾಯಿಗೇ ಹಾಕಿಕೊಂಡ.

ಅಂದೇ ಚಿಲಕನ ಅಕ್ಕನ ಎದೆಯ ಗಂಟಿನ ಪರೀಕ್ಷೆಯ ವರದಿ ಅದೇ ಆ್ಯಪಿಗೆ ಬರುವುದಿತ್ತು. ಮನೆಯಲ್ಲಿ ಅಕ್ಕ ಯಾರಿಗೂ ಹೇಳಿರಲಿಲ್ಲ. ಗಾಬರಿಯಲ್ಲಿ ಫೋನ್ ಮಾಡಿದರೆ ಎತ್ತಿದವರು ಅವಳ ಅತ್ತೆ.

"ಅವಳು ಬಟ್ಟೆ ಒಗೀತಿದಾಳಪ್ಪಾ. ಫೋನಿಗೆ ಏನ್ ಬಂದ್ರೂ ನಾನೇ ಗಟ್ಟಿಯಾಗಿ ಓದಿ ಹೇಳ್ತೀನಿ, ನೀನೇನೂ ಯೋಚ್ನೆ ಮಾಡ್ಬೇಡ."

ಚಿಲಕ ಬಾಸಿನೆದುರು ನಿಂತ. "ಸರ್, ಆ ಸಾಲು ತೆಗೆದುಬಿಡ್ತೀನಿ. ಅಕ್ಕನ ವರದಿ ಬರೋದಿದೆ."

"ನಿಮ್ಮಕ್ಕ ಒಬ್ಬಳಿಗೋಸ್ಕರ ಇಡೀ ಆ್ಯಪ್ ಬಾಯಿ ಮುಚ್ಕೋಬೇಕೇನಯ್ಯಾ?"

ಆ ಕಚೇರಿಯಲ್ಲಿ ಒಂದು ಗೋಡೆ ತುಂಬಾ ಪರೀಕ್ಷೆಯ ಫೋನುಗಳು. ನಿಜವಾದ ಮೇಲ್ ಇದ್ದರೇನೇ ಪರೀಕ್ಷೆ ಎಂದು ಎಲ್ಲದರಲ್ಲೂ ಬಾಸು ತನ್ನದೇ ಖಾತೆ ಹಾಕಿಸಿದ್ದ. ಈಗ ಆ ಗೋಡೆ ಒಟ್ಟಿಗೇ 'ಟಿಣ್' ಎಂದಿತು. ಆ ಸದ್ದಿಗೆ ಕಿಟಕಿಯ ಪಾರಿವಾಳ ಮೊಟ್ಟೆ ಬಿಟ್ಟು ಹಾರಿಹೋದದ್ದು ಇವತ್ತಿಗೂ ತಿರುಗಿ ಬಂದಿಲ್ಲ. ಕಣ್ಣು ಕಾಣದವರಿಗೆಂದು ಓದಿ ಹೇಳುವ ಫೋನೊಂದು ಸಾವಕಾಶವಾಗಿ ನುಡಿಯಿತು: "ಡಾಕ್ಟರ್ ಅವರಿಂದ. ನಿಮ್ಮ ಮಲದಲ್ಲಿ ಸಿಕ್ಕ ಹುಳು ಮೊಳದುದ್ದ ಇದೆ, ಇನ್ನೂ ಜೀವಂತವಾಗಿದೆ."

ಊಟದ ಡಬ್ಬಿ ತೆರೆದವರು ಮುಚ್ಚಿದರು.

"ತೆಗಿ. ಈಗಲೇ ತೆಗಿ," ಎಂದ ಬಾಸು.

ಚಿಲಕ ತೆಗೆದ. ಸ್ವಲ್ಪ ಹೊತ್ತಿಗೆ ಅಕ್ಕನ ಫೋನ್ ಬಂತು.

"ಅತ್ತೆ 'ಹೊಸ ಮೇಲ್ ಬಂದಿದೆ' ಅಂತ ಓದಿದ್ರು ಕಣೋ. ಬಚ್ಚಲಲ್ಲಿ ನಿಂತು ಒಬ್ಳೇ ನೋಡ್ಕೊಂಡೆ. ಗಂಟು ಕೆಟ್ಟದ್ದೇ ಅಂತೆ. ಸಂಜೆ ಎಲ್ರಿಗೂ ನಾನೇ ಹೇಳ್ತೀನಿ. ನೀನೂ ಬಾ."

ಅಷ್ಟರಲ್ಲಿ ಬಾಸು ಎಲ್ಲರನ್ನೂ ಗುಂಪು ಸೇರಿಸಿಕೊಂಡಿದ್ದ. "ಜನರ ಗುಟ್ಟು ಅಂದ್ರೆ ನನಗೆ ಮೊದಲಿಂದ್ಲೂ ಪ್ರಾಣ. ಅದಕ್ಕೇ ಇವತ್ತು ನಾನೇ ಮುಂದೆ ನಿಂತು, ಆ ಸಾಲನ್ನ..."

ಚಿಲಕ ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟ.