ದೋಣಿಗೆ ಹೋದ ಪ್ರಶ್ನೆಚಿಹ್ನೆಗಳು

ನೆಲ ಮುಗಿದು ನೀರು ಶುರುವಾಗುವ ಕಡೆ ಒಂದು ಊರಿತ್ತಂತೆ. ಅಲ್ಲಿ ಗಾಳಿಯ ಸುದ್ದಿ ಹೇಳುವವರು ಒಂದು ಕಡೆ, ಕೇಳುವವರು ಇನ್ನೊಂದು ಕಡೆ. ಹೇಳುವವರ ಅಕ್ಷರ ಹೊಸದು, ಕೇಳುವವರ ಪೆಟ್ಟಿಗೆ ಹಳೆಯದು. ಹಾಗಾಗಿ ನಡುವೆ ಒಬ್ಬ ಹುಡುಗಿಯನ್ನು ಕೂರಿಸಿದ್ದರಂತೆ, ಈ ಕೈಯಲ್ಲಿ ಮಾತು ತೆಗೆದುಕೊಂಡು ಆ ಕೈಯಲ್ಲಿ ಕೊಡುವುದಕ್ಕೆ.

ಅಜ್ಜಿ ಬದುಕಿದ್ದಿದ್ದರೆ ಪೀಚುವಿನ ನೌಕರಿಯ ಕಥೆಯನ್ನು ಹೀಗೇ ಶುರು ಮಾಡುತ್ತಿದ್ದಳು. ಪೀಚುವೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಆದರೆ ಈ ಮಧ್ಯಾಹ್ನ ಕಥೆಯ ನಡುವೆ ಕೂತವಳು ತಾನೇ.

ಹವಾಮಾನ ಕಚೇರಿ ಗಾಳಿಯ ಎಚ್ಚರಿಕೆ ಬರೆದು ಬಂದರಿಗೆ ಕಳಿಸುತ್ತದೆ. ಬಂದರಿನ ಆಪರೇಟರ್ ಅದನ್ನು ದೋಣಿಗಳಿಗೆ ದಾಟಿಸುತ್ತಾನೆ. ಪ್ರತಿ ದೋಣಿಯಲ್ಲೂ ಅಂಗೈಯಗಲದ ಒಂದು ಪರದೆ. ಅಕ್ಷರವನ್ನು ಅಂಕಿಯಾಗಿಸಿ ಸಾಗಿಸುವ ಪದ್ಧತಿಗೆ ಎನ್‌ಕೋಡಿಂಗ್ ಅನ್ನುತ್ತಾರೆ; ಕಚೇರಿಯದು ಹೊಸ ಎನ್‌ಕೋಡಿಂಗ್, ದೋಣಿಯದು ಹಳೆಯದು. ಒಂದನ್ನು ಇನ್ನೊಂದಾಗಿಸುವ ಪ್ರೋಗ್ರಾಂ ಯಾರೋ ಎಂದೋ ಬರೆದಿಟ್ಟು ಹೋದದ್ದು, ಈಗ ಪೀಚುವಿನ ಪಾಲಿಗೆ ಬಂದಿತ್ತು. ಅದು ಆಪರೇಟರನನ್ನು ಎರಡು ಸಂಗತಿ ಕೇಳುತ್ತಿತ್ತು. ಒಂದರ ಹೆಸರು ‘ಎನ್‌ಕೋಡಿಂಗ್’. ಇನ್ನೊಂದರ ಹೆಸರು ‘ಎನ್‌ಕೋಡಿಂಗ್ ಎರಡು’. ಆ ಹೆಸರು ಬರೆದು ಅದರ ಮುಂದೆ ಆಪರೇಟರ್ ಉತ್ತರ ತುಂಬಬೇಕು. ಬಂದದ್ದರದು ಯಾವುದು, ಹೋಗುವುದರದು ಯಾವುದು ಅಂತ ಎರಡೂ ಬಾಯಿ ಬಿಡುತ್ತಿರಲಿಲ್ಲ.

ಹೋದ ವಾರ ಆಪರೇಟರ್ ತುಂಬುವಾಗ ಎರಡೂ ಅದಲುಬದಲಾದವು. ಅಕ್ಷರಗಳೆಲ್ಲ ದಾರಿಯಲ್ಲೇ ಸತ್ತು, ಪೀಚುವಿನ ಭಾವನ ದೋಣಿಯ ಪರದೆ ತುಂಬ ಬರೀ ಪ್ರಶ್ನೆಚಿಹ್ನೆ ಮೂಡಿತು. ಬಂದರಿನವರು ಏನೋ ವಿಚಾರಿಸುತ್ತಿದ್ದಾರೆ ಅಂದುಕೊಂಡ ಭಾವ ಮರ್ಯಾದೆಯಿಂದ ಉತ್ತರ ಕೊಟ್ಟಿದ್ದರು: “ನಾವು ಕ್ಷೇಮ. ಮೀನು ಸುಮಾರು. ನಿಮ್ಮ ಕಡೆ ಹೇಗೆ?” ಆಮೇಲೆ ಗಾಳಿ ಎದ್ದಿತು. ದೋಣಿ ಒಂದು ಮಗ್ಗುಲಿಗೆ ವಾಲಿ, ಅರ್ಧ ನೀರು ತುಂಬಿಕೊಂಡು, ಹೇಗೋ ದಡ ಸೇರಿತು. ಆ ಉತ್ತರ ಓದಿ ಪೀಚುವಿನ ಆಫೀಸಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಪೀಚುವಿಗೆ ನಗು ಬಂದಿರಲಿಲ್ಲ.

ಬಂದರಿಗೆ ಫೋನು ಮಾಡಿ ಸರಿಮಾಡಿಸಿದ್ದಳು. ಆದರೆ ಒಂದು ಪಾಳಿಯವನು ಸರಿ ಮಾಡಿದ್ದನ್ನು ಮುಂದಿನ ಪಾಳಿಯವನು ಬಂದು ನೋಡಿ, ಇದೇನೋ ತಿರುಗಾಮುರುಗಾ ಆಗಿದೆ ಅಂತ ಮತ್ತೆ ‘ಸರಿ’ ಮಾಡುತ್ತಿದ್ದ. ಎಷ್ಟು ಜನರ ಕಿವಿಯಲ್ಲಿ ಎಷ್ಟು ಸಲ ಊದುವುದು? ಯಾವುದು ಯಾವುದಕ್ಕೆ ಅಂತ ಹೆಸರೇ ಹೇಳಬೇಕು. ಹೆಸರನ್ನೇ ಬದಲಿಸುತ್ತೇನೆ, ಭಾವ ಮತ್ತೆ ಹೊರಡುವ ದಿನ ಸಂಜೆಯೊಳಗೆ ಮುಗಿಸುತ್ತೇನೆ ಅಂತ ಅಕ್ಕನಿಗೆ ಮಾತು ಕೊಟ್ಟಿದ್ದಳು. ಆ ಸಂಜೆ ಇವತ್ತೇ. ಕಿಟಕಿಯಾಚೆ ಆಕಾಶ ಮುಖ ಊದಿಸಿಕೊಂಡು ಕೂತಿತ್ತು.

ಫೋನು ನಡುಗಿತು. ಅಕ್ಕ.

“ಏನೇ, ಆಯ್ತಾ?”

“ಆಗ್ತಾ ಇದೆ ಅಕ್ಕ.”

“ಎರಡು ಹೆಸರಿಡೋಕೆ ಇಷ್ಟು ಹೊತ್ತಾ? ನಿಮ್ಮ ಭಾವ ಆಗಲೇ ಬಲೆ ಏರಿಸ್ತಿದಾರೆ.”

“ಇವತ್ತು ಬೇಡ ಅನ್ನು ಅವರಿಗೆ.”

“ಹೆಂಡತಿ ಬೇಡ ಅಂದ್ರೆ ಯಾವ ದೋಣಿ ನಿಂತಿದೆ? ನನ್ನ ಮಾತು ಗಾಳಿಗೆ, ಪರದೇಲಿ ಬಂದಿದ್ದು ಮಾತ್ರ ನಿಜ. ಬೇಗ ಮಾಡೇ.”

ಪೀಚು ಎದ್ದು ದೊಡ್ಡಮ್ಮನ ಮೇಜಿಗೆ ಓಡಿದಳು. ತಂಡದ ಹಿರಿಯಳನ್ನು ಆಫೀಸಿನಲ್ಲಿ ಎಲ್ಲರೂ ಕರೆಯುವುದೇ ದೊಡ್ಡಮ್ಮ ಅಂತ. ಹೊಸ ಹೆಸರು ಪಾಸಾಗಬೇಕಾದರೆ ದೊಡ್ಡಮ್ಮನ ಬೆನ್ನನ್ನು ದಾಟಬೇಕು: ಆಕೆ ಪರದೆಗೆ ಬೆನ್ನು ಹಾಕಿ ಕೂರುತ್ತಾಳೆ, ಹೆಸರಿಟ್ಟವರು ಅದನ್ನಷ್ಟೇ ಓದುತ್ತಾರೆ, ಅಲ್ಲಿ ಏನು ತುಂಬಬೇಕು ಅಂತ ಆಕೆ ಹೇಳಬೇಕು. ಆಕೆ ಒಂದೇ ಒಂದು ಪ್ರಶ್ನೆ ಕೇಳಿದರೂ ಹೆಸರು ಬಿದ್ದಹಾಗೆ.

ದೊಡ್ಡಮ್ಮ ಕುರ್ಚಿ ತಿರುಗಿಸಿದಳು. “ಓದಮ್ಮ.”

“ಇನ್‌ಪುಟ್ ಎನ್‌ಕೋಡಿಂಗ್. ಔಟ್‌ಪುಟ್ ಎನ್‌ಕೋಡಿಂಗ್.”

“ಯಾರಿಗೆ ಇನ್‌ಪುಟ್? ನಮಗೆ ಔಟ್‌ಪುಟ್ ಆದದ್ದು ದೋಣಿಗೆ ಇನ್‌ಪುಟ್ ಅಲ್ವೇನೇ? ಬಿತ್ತು.”

“ಸರಿ. ಎಸ್-ಎನ್‌ಕ್, ಡಿ-ಎನ್‌ಕ್.” ಸೋರ್ಸ್, ಡೆಸ್ಟಿನೇಷನ್‌ಗಳ ಮೊದಲ ಅಕ್ಷರ ಹಿಡಿದು ಮೊಟಕು ಮಾಡಿದ್ದಳು.

“ಇದೇನು, ಸೀನು ಬಂತಾ?”

ಪಕ್ಕದ ಮೇಜಿನವನು ಕಿಸಕ್ಕನೆ ನಕ್ಕ. ಪೀಚು ತನ್ನ ಜಾಗಕ್ಕೆ ಬಂದು ಕೂತಳು. ಚಿಕ್ಕ ಹೆಸರಿಟ್ಟರೆ ಅರ್ಥವಾಗುವುದಿಲ್ಲ, ದೊಡ್ಡದಿಟ್ಟರೆ ಆಡಿಕೊಳ್ಳುತ್ತಾರೆ. ಕಿಟಕಿಯ ಗಾಜು ಒಮ್ಮೆ ಗಡಗಡ ಅಂದಿತು. ಕಣ್ಣು ಮುಚ್ಚಿದರೆ ಭಾವನ ದೋಣಿ. ಅದರ ಪುಟ್ಟ ಪರದೆಯ ಮೇಲೆ ಕೊಕ್ಕೆಗಳಂತೆ ಸಾಲಾಗಿ ನಿಂತ ಪ್ರಶ್ನೆಚಿಹ್ನೆಗಳು.

ಅಜ್ಜಿಯ ಕಥೆಯಲ್ಲಿ ಯಾವಾಗಲೂ ಇಬ್ಬರು ಅಣ್ಣತಮ್ಮಂದಿರು ಇರುತ್ತಿದ್ದರು. ಅಜ್ಜಿ ಯಾರನ್ನೂ ಬರೀ ‘ಅವನು’ ಅನ್ನುತ್ತಿರಲಿಲ್ಲ. ‘ಕಾಡಿಂದ ಬಂದವನು’ ಅನ್ನುತ್ತಿದ್ದಳು, ‘ನದಿ ಕಡೆ ಹೊರಟವನು’ ಅನ್ನುತ್ತಿದ್ದಳು, ಪ್ರತಿ ಸಲವೂ, ಒಂದಿಷ್ಟೂ ಬೇಸರವಿಲ್ಲದೆ. ಇಷ್ಟುದ್ದ ಯಾಕಜ್ಜಿ ಅಂದರೆ, “ನೀನು ಅರ್ಧ ನಿದ್ದೇಲಿ ಇರ್ತೀಯ ಮಗಾ. ಯಾರು ಯಾರು ಅಂತ ನಿದ್ದೆಗಣ್ಣಿಗೂ ತಿಳೀಬೇಕು” ಅನ್ನುತ್ತಿದ್ದಳು.

ಪಾಳಿ ಬದಲಾಗುವ ಹೊತ್ತಿನ ಆಪರೇಟರನೂ ಅರ್ಧ ನಿದ್ದೆಯಲ್ಲೇ ಇರುತ್ತಾನೆ. ಪೀಚು ಕಣ್ಣು ಬಿಟ್ಟಳು. ಎಲ್ಲಿಂದ ಬಂದದ್ದು, ಎಲ್ಲಿಗೆ ಹೊರಟದ್ದು. ಸರಸರ ಟೈಪು ಮಾಡಿದಳು.

“ದೊಡ್ಡಮ್ಮ, ಇನ್ನೊಂದು ಸಲ ಬೆನ್ನು ಕೊಡಿ.”

“ಓದು.”

“ಆಫೀಸ್ ಟೆಕ್ಸ್ಟ್ ಎನ್‌ಕೋಡಿಂಗ್. ಬೋಟ್ ಸ್ಕ್ರೀನ್ ಎನ್‌ಕೋಡಿಂಗ್.”

“ಹೆಸರಾ ಇದು, ಗೂಡ್ಸ್ ರೈಲಾ?” ಅಂದ ಪಕ್ಕದ ಮೇಜಿನವನು.

ದೊಡ್ಡಮ್ಮ ಕೈಯೆತ್ತಿ ಅವನ ಬಾಯಿ ಮುಚ್ಚಿಸಿದಳು. “ಮೊದಲನೇದಕ್ಕೆ ಕಚೇರಿಯ ಹೊಸದು, ಎರಡನೇದಕ್ಕೆ ದೋಣಿಯ ಹಳೇದು. ನನ್ನ ಹತ್ರ ಪ್ರಶ್ನೆ ಇಲ್ಲ. ಹಳೇ ಹೆಸರಲ್ಲಿ ಯಾರಾದ್ರೂ ತುಂಬಿದ್ರೆ?”

“ಮುಂದೆ ಬಿಡಲ್ಲ. ಹೊಸ ಹೆಸರು ಇಂಥದ್ದು ಅಂತ ಹೇಳಿ ನಿಲ್ಲಿಸುತ್ತೆ.”

“ಕಳಿಸು.”

ಪ್ರೋಗ್ರಾಂ ಬಂದರಿಗೆ ಕಳಿಸಿದಳು. ಬಂದರಿನಲ್ಲಿ ಪಾಳಿ ಬದಲಾಗಿತ್ತು. ಈಗ ಕೂತವನು ಯಾರೋ, ಪೀಚು ಅವನ ದನಿಯನ್ನೂ ಕೇಳಿರಲಿಲ್ಲ. ಕಚೇರಿಯಿಂದ ಎಚ್ಚರಿಕೆ ಹೊರಟ ಸುದ್ದಿ ಬಂತು. ಅವಳ ಕೈ ತಾನಾಗಿ ಫೋನಿನ ಕಡೆ ಹೋಯಿತು. ದೊಡ್ಡಮ್ಮ ಅದರ ಮೇಲೆ ಅಂಗೈ ಇಟ್ಟಳು.

“ನೀನು ಹೇಳಿಕೊಟ್ರೆ ಹೆಸರು ಏನು ಮಾಡಿದ ಹಾಗಾಯ್ತು?”

“ಆದ್ರೆ ಭಾವ...”

“ತಪ್ಪು ತುಂಬಿದ್ರೆ ಇಲ್ಲೇ ಕಾಣುತ್ತಲ್ಲ. ಆಗ ನಾನೇ ಕಿರುಚ್ತೀನಿ.”

ಪರೀಕ್ಷೆಗೆಂದು ತಂದಿಟ್ಟಿದ್ದ ಒಂದು ದೋಣಿಯ ಪರದೆ ಮೇಜಿನ ಮೇಲಿತ್ತು, ಅಂಚಿನಲ್ಲಿ ಇನ್ನೂ ಉಪ್ಪಿನ ಕಲೆ. ಇಬ್ಬರೂ ಅದನ್ನೇ ನೋಡುತ್ತ ಕೂತರು. ಪರದೆ ಖಾಲಿ. ಪೀಚು ಉಗುರು ಕಚ್ಚಿದಳು. ಮೊದಲು ಹಳೆಯ ಹೆಸರಲ್ಲೇ ತುಂಬಿದ ಬಂದರಿನವನನ್ನು ಪ್ರೋಗ್ರಾಂ ನಿಲ್ಲಿಸಿದ್ದು ಕಂಪ್ಯೂಟರಿನಲ್ಲಿ ಕಾಣಿಸಿತು. ಈಗ ಅವನು ಹೊಸ ಹೆಸರು ಓದುತ್ತಿರಬೇಕು. ಓದು ಮಾರಾಯ, ಓದು.

ಉಪ್ಪಿನ ಕಲೆಯ ಪರದೆ ಮಿಣುಕಿತು. ಒಂದೂ ಕೊಕ್ಕೆಯಿಲ್ಲದೆ ಅಕ್ಷರಗಳು ಮೂಡಿದವು: ‘ಗಾಳಿ ಜೋರಾಗಲಿದೆ. ಯಾವ ದೋಣಿಯೂ ಹೊರಡಬಾರದು.’

ಅಷ್ಟರಲ್ಲಿ ಫೋನು ಮತ್ತೆ ನಡುಗಿತು.

“ಏನು ಬಂತೇ ಅಲ್ಲಿ?” ಅಕ್ಕನ ದನಿಯ ಹಿಂದೆ ಗಾಳಿ ಬೀಸುತ್ತಿತ್ತು. “ಇವರು ಪರದೆ ನೋಡಿದ್ರು, ಹಾಳಾದ ಗಾಳಿ ಅಂತ ಬೈಕೊಂಡ್ರು. ಈಗ ಬಿಚ್ಚಿದ ದೋಣಿ ಹಗ್ಗ ಮತ್ತೆ ಗೂಟಕ್ಕೆ ಕಟ್ತಾ ಇದಾರೆ.”