ಕಾಟಮ್ಮನ ಬಲೆಗೆ ಸಿಕ್ಕ ಮೋಟರು

ಮೋಟರಿನ ವೇಗ ಎಷ್ಟು ಇಳಿಸಿದರೂ ಬೋಟು ಬಾಳೆ ಮೀನು ಗಾಳ ಕಚ್ಚಲು ಬೇಕಾದಷ್ಟು ನಿಧಾನವಾಗಲಿಲ್ಲ. ಹಿಂದೆ ಎಳೆಸಿಕೊಂಡು ಬರುತ್ತಿದ್ದ, ಗಾಳಕ್ಕೆ ಸಿಕ್ಕಿಸಿದ್ದ ಮರಿಮೀನು ನೀರೊಳಗೆ ಈಜುವುದನ್ನು ಬಿಟ್ಟು ಮೇಲೆ ಮೇಲೆ ಚಿಮ್ಮುತ್ತಿತ್ತು.

"ಇದೇನ್ಲೇ, ಮೀನು ಹಿಡಿಯೋದೋ, ಓಡ್ಸೋದೋ?" ಎಂದ ಫಾಜಿಲ್. ಹಿರಿಯೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಅವನೇ ಹನುಮೇಶನಿಗೆ ಈ ಹಳೆಯ ಮೋಟರನ್ನು ಹುಡುಕಿಕೊಟ್ಟಿದ್ದ.

ಹನುಮೇಶ ನಗಲಿಲ್ಲ. ಮಾರಿಕಣಿವೆ ಹಿನ್ನೀರಿನ ಆ ಮೂಲೆಯಲ್ಲಿ ಅಲ್ಲಿಯವರೆಗೆ ತೆಪ್ಪಗಳಷ್ಟೇ ಓಡಾಡಿದ್ದವು. ಮೋಟರು ಬಂದರೆ ಬಲೆ ಹರಿಯುತ್ತದೆ ಎಂದು ದಡದವರೆಲ್ಲ ತಕರಾರು ತೆಗೆದಾಗ ಅವನ ಸೋದರತ್ತೆ ಕಾಟಮ್ಮ ಹೊಣೆ ನಿಂತಿದ್ದಳು. "ನಿಧಾನಕ್ಕೆ ಓಡಿಸ್ತಾನೆ. ನಾನಿದೀನಿ" ಎಂದಿದ್ದಳು. ಹೊಣೆ ನಿಂತವರ ಮಾತು ಬಿದ್ದರೆ ಅವರು ಬಲೆ ಬಿಡುವ ಜಾಗ ಬೇರೆಯವರಿಗೆ ಹೋಗುತ್ತದೆ. ಅದು ಅಲ್ಲಿನ ಕಟ್ಟುಪಾಡು. ಗಂಡ ಸತ್ತ ಮೇಲೆ ಕಾಟಮ್ಮನ ಹೊಟ್ಟೆ ಹೊರೆದದ್ದು ಆ ಜಾಗವೇ.

ಫಾಜಿಲ್ ಎರಡು ಬಕೆಟುಗಳಿಗೆ ಹಗ್ಗ ಕಟ್ಟಿ ಬೋಟಿನ ಎರಡೂ ಪಕ್ಕ ಇಳಿಬಿಟ್ಟ. ಬಕೆಟುಗಳು ನೀರು ತುಂಬಿಕೊಂಡು ಬೋಟನ್ನು ಹಿಂದಕ್ಕೆ ಜಗ್ಗಿದವು. ಈಗ ಅದು ಗಾಣದೆತ್ತಿನ ನಡಿಗೆಗೆ ಬಂತು. ಮರಿಮೀನು ಆಳಕ್ಕಿಳಿಯಿತು, ದಾರ ಬಿಗಿಯಾಯಿತು.

"ನೋಡಪ್ಪ, ನಿಮ್ಮತ್ತೆ ಕೇಳಿದ್ದ ನಿಧಾನ!"

ಗಾಳಿ ಎದ್ದದ್ದು ಆಗಲೇ. ಹನುಮೇಶ ಮೋಟರಿನ ಹಿಡಿ ತಿರುಗಿಸಿದ. ಬೋಟಿನ ಮೂತಿ ಹೊರಳಲಿಲ್ಲ. ಅಷ್ಟು ನಿಧಾನದಲ್ಲಿ ಬೋಟಿಗೆ ಗಾಳಿಯ ಎದುರು ತಿರುಗುವ ಕಸುವೇ ಇರಲಿಲ್ಲ. ಅಡ್ಡಡ್ಡ ಜಾರುತ್ತ ಅದು ಬಲೆ ತೇಲಿಸುವ ಬಿಳಿ ಥರ್ಮೋಕೋಲ್ ತುಂಡುಗಳ ಸಾಲಿನತ್ತ ಹೊರಟಿತು. ಆ ತುಂಡುಗಳು ಯಾರ ಬಲೆಯವೆಂದು ಅವನಿಗೆ ಗೊತ್ತಿತ್ತು.

"ಬಕೆಟ್ ಎತ್ತೋ!"

ಫಾಜಿಲ್ ಗಾಬರಿಯಲ್ಲಿ ಒಂದನ್ನು ಮಾತ್ರ ಎತ್ತಿದ. ಉಳಿದ ಬಕೆಟು ಬೋಟನ್ನು ತನ್ನ ಕಡೆಗೆ ಗಿರ್ರನೆ ತಿರುಗಿಸಿತು. ಮೋಟರು ಒಮ್ಮೆ ಗೊರಗುಟ್ಟಿ ನಿಂತಿತು. ಎತ್ತಿ ನೋಡಿದರೆ ನೀರು ತಳ್ಳುವ ರೆಕ್ಕೆಗೆ ಬಲೆ ಜಡೆಯಂತೆ ಸುತ್ತಿಕೊಂಡಿತ್ತು. ಗಾಳಿ ಅವರನ್ನು ಬಲೆಯ ಸಮೇತ ಬಂಡೆಗಳ ಕಡೆಗೆ ತಳ್ಳುತ್ತಿತ್ತು.

"ಕೊಯ್ಯಿ ಲೇ. ಬಂಡೆಗೆ ಬಡಿದ್ರೆ ಬಲೆನೂ ಇಲ್ಲ, ನಾವೂ ಇಲ್ಲ."

ಹನುಮೇಶ ಬೆರಳಿನಿಂದ ಬಲೆಯ ಒಂದೆರಡು ಕಣ್ಣು ಬಿಡಿಸಲು ನೋಡಿದ. ಆಗಲಿಲ್ಲ. ಚಾಕು ತೆಗೆದ. ಕೊನೆಯ ಎಳೆ ಕೊಯ್ದು ತಲೆಯೆತ್ತಿದಾಗ ಕಾಟಮ್ಮನ ತೆಪ್ಪ ಹತ್ತಿರಕ್ಕೆ ಬಂದಿತ್ತು.

ಅವಳು ಬಯ್ಯಲಿಲ್ಲ. ಬಲೆಯ ತುದಿಗಳನ್ನು ಎಳೆದು ತೆಪ್ಪದೊಳಗೆ ಹಾಕಿಕೊಂಡಳು. ಬೋಟಿನ ಹಗ್ಗವನ್ನು ತೆಪ್ಪಕ್ಕೆ ಕಟ್ಟಿಕೊಂಡಳು. "ನಿಧಾನಕ್ಕೇ ಓಡಿಸ್ತಿದ್ದೆ ಅತ್ತೆ" ಎಂದ ಹನುಮೇಶ.

"ಬಾಯ್ಮುಚ್ಕೊಂಡು ಬಾ."

ದಡದಲ್ಲಿ ಬಲೆಯವರ ಯಜಮಾನ ಚಿತ್ತಯ್ಯ ಕಾದಿದ್ದ. ಅವನ ಹಿಂದೆ ಏಳೆಂಟು ಜನ ಇದ್ದರು.

"ಏನಾತಮ್ಮ ಬಲೆಗೆ?"

"ನೀರೊಳಗಿನ ಕೊರಡಿಗೆ ಸಿಕ್ಕಿ ಹರೀತು" ಎಂದಳು ಕಾಟಮ್ಮ.

ಚಿತ್ತಯ್ಯ ಬಲೆಯ ತುದಿಯನ್ನು ಎತ್ತಿ ಹೆಬ್ಬೆರಳಿನಿಂದ ಸವರಿದ. ಕೊರಡಿಗೆ ಹರಿದ ಎಳೆ ಜಗ್ಗಿ ನಾರುನಾರಾಗಿರುತ್ತದೆ. ಇದರ ಎಳೆಗಳೆಲ್ಲ ನೇರವಾಗಿ ತುಂಡಾಗಿದ್ದವು. ಹಿಂದೆ ನಿಂತಿದ್ದವರೂ ಬಗ್ಗಿ ನೋಡಿದರು. ಹನುಮೇಶ ಒಂದು ಹೆಜ್ಜೆ ಮುಂದೆ ಬಂದ. ನಿಜ ಹೇಳಿದರೆ ಅತ್ತೆಯ ಜಾಗ ಹೋಗುತ್ತದೆ. ಹೇಳದಿದ್ದರೆ ಈ ವಯಸ್ಸಿನಲ್ಲಿ ಅವಳು ಎಲ್ಲರೆದುರು ಸುಳ್ಳಿ.

"ಅಣ್ಣ, ಅದು..."

"ನಿನ್ನ ಕೇಳ್ಲಿಲ್ಲ." ಚಿತ್ತಯ್ಯ ಕಾಟಮ್ಮನ ಕಡೆಗೇ ನೋಡುತ್ತಿದ್ದ. "ಕೊರಡೇನಮ್ಮ?"

"ಕೊರಡೇ."

ಚಿತ್ತಯ್ಯ ತುದಿಯನ್ನು ಅವಳ ಕೈಗೆ ವಾಪಸ್ ಇಟ್ಟ. "ಹಂಗಾದ್ರೆ ಆ ಕೊರಡು ಇನ್ನೊಂದ್ಸಲ ಈ ನೀರಾಗೆ ಕಾಣಬಾರ್ದು."

ಹನುಮೇಶ ಬೋಟಿಗಿಳಿದು ಮೋಟರಿನ ತಿರುಪುಗಳನ್ನು ಸಡಿಲಿಸತೊಡಗಿದ. ಫಾಜಿಲ್ ಇನ್ನೊಂದು ಕಡೆಯಿಂದ ಕೈ ಕೊಟ್ಟ. ರೆಕ್ಕೆಗೆ ಸುತ್ತಿಕೊಂಡಿದ್ದ ಬಲೆಯ ತುಂಡು ಹಾಗೇ ಇತ್ತು. ಕಾಟಮ್ಮ ನೀರಿಗಿಳಿದು ಬಂದು ಅದನ್ನು ಬಿಡಿಸಿ ಸೆರಗಿನೊಳಗೆ ಸುತ್ತಿಕೊಂಡಳು. ಹನುಮೇಶನ ಮುಖ ನೋಡದೆ ದಡ ಹತ್ತಿದಳು.