ಮೊಣಕಾಲಿನ ಕೆಳಗಿನ ವಿಲ್ಮೋಶ್

1951ರ ಬೇಸಿಗೆಯಲ್ಲಿ ಆಂದ್ಯಲ್‌ಫೋಲ್ಡ್ ಎಂಬ ಕಾರ್ಖಾನೆ ಬಡಾವಣೆಯ ನಮ್ಮ ವಠಾರದ ಬಾಗಿಲಿಗೆ ದಿನಾ ಬೆಳಿಗ್ಗೆ ಆರೂವರೆಗೆ ಒಂದು ಕಪ್ಪು ಕಾರು ಬಂದು ನಿಲ್ಲತೊಡಗಿತು. ಮೊದಲ ದಿನ ಅದರ ಸದ್ದಿಗೆ ನಾಲ್ಕೂ ಮಹಡಿಯ ಕಿಟಕಿ ಪರದೆಗಳು ಒಂದಿಷ್ಟಿಷ್ಟು ಸರಿದವು. ಆ ವರ್ಷಗಳಲ್ಲಿ ಕಪ್ಪು ಕಾರು ಅಂದರೆ ಗುಪ್ತ ಪೊಲೀಸರದ್ದೆಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಎರಡನೇ ಮಹಡಿಯ ವಿಲ್ಮೋಶ್ ಬೊಗ್ನಾರ್ ಕೋಟು ತೊಟ್ಟು ಇಳಿದುಹೋಗಿ ಅದರಲ್ಲಿ ಕೂತ. ಅವನ ಪಕ್ಕದ ಮನೆ ನನ್ನದು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವಳು ನಾನು. ಮೊಗಸಾಲೆಯಲ್ಲಿ ಓಡಾಡುವವರೆಲ್ಲ ನನ್ನ ಕಿಟಕಿ ದಾಟಿಯೇ ಹೋಗಬೇಕು. ಪಾಪ, ಹೋದ ಅಂದುಕೊಂಡೆ.

ಸಂಜೆ ವಿಲ್ಮೋಶ್ ವಾಪಸ್ ಬಂದ. ಸ್ನಾನ ಮಾಡಿ ಬಂದವನಂತೆ ತಲೆಗೂದಲು ಒದ್ದೆಯಾಗಿತ್ತು. ಮರುದಿನವೂ ಹೋದ, ಮರುದಿನವೂ ಬಂದ.

ಕಪ್ಪು ಕಾರಿನಲ್ಲಿ ಹೋಗಿ ಬಾರದವನನ್ನು ನೆನೆದು ನಾವು ಕಣ್ಣೀರು ಹಾಕಬಹುದಿತ್ತು. ಹೋಗಿ ಹೋಗಿ ಬರುವವನನ್ನು ಏನು ಮಾಡುವುದು?

ಅದಕ್ಕೆ ಮೂರು ವಾರ ಮುಂಚೆ ಮೂರನೇ ಮಹಡಿಯ ಗಡಿಯಾರ ರಿಪೇರಿಯ ಓಡೊನ್‌ನನ್ನು ಹಿಡಿದುಕೊಂಡು ಹೋಗಿದ್ದರು. ಬ್ರೆಡ್ಡಿನ ಸಾಲಿನಲ್ಲಿ ನಿಂತು ಸರ್ಕಾರದ ಮೇಲೆ ಏನೋ ತಮಾಷೆ ಮಾಡಿದ್ದನಂತೆ. ಆ ಸಾಲಿನಲ್ಲಿ ಅವನ ಹಿಂದೆಯೇ ವಿಲ್ಮೋಶ್ ನಿಂತಿದ್ದನೆಂದು ಈಗ ಯಾರಿಗೋ ನೆನಪಾಯಿತು. ವಾರದೊಳಗೆ ಅದು ಎಲ್ಲರಿಗೂ ನೆನಪಾಗಿತ್ತು, ಆ ದಿನ ಸಾಲಿನ ಹತ್ತಿರವೂ ಸುಳಿಯದಿದ್ದ ನನಗೂ.

ವಿಲ್ಮೋಶ್ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವವನು, ಅಲ್ಲಿನ ಫುಟ್‌ಬಾಲ್ ತಂಡದಲ್ಲಿ ಎಡಬದಿಗೆ ಆಡುತ್ತಿದ್ದ. ಮೂವತ್ತು ದಾಟಿತ್ತು, ಮಾತು ಕಡಿಮೆ. ಗುರುವಾರ ಅವನ ಜೊತೆ ಇಸ್ಪೀಟು ಆಡುತ್ತಿದ್ದ ಮೂವರಿಗೂ ಒಂದೇ ವಾರ ಸೊಂಟ ನೋವು ಬಂತು. ಅವನು ಮೆಟ್ಟಿಲು ಹತ್ತಿದರೆ ಮಾತು ನಿಲ್ಲುತ್ತಿತ್ತು. ನಾನು ರೇಡಿಯೋ ಮೇಲೆ ಕಂಬಳಿ ಮುಚ್ಚಿ, ಕಿವಿ ಒಳಗೆ ತೂರಿಸಿ, ಕೇಳಬಾರದೆಂದಿದ್ದ ವಿಯೆನ್ನಾ ಕೇಂದ್ರವನ್ನು ಕೇಳತೊಡಗಿದೆ. ಅವನ ಹೆಂಡತಿ ಎತೆಲ್ ಒಂದು ದಿನ ನನ್ನಲ್ಲಿಗೆ ಬಂದು ಕೂತಳು. ಕೇಳಿದರೆ ವಿಶೇಷ ಕೆಲಸ ಅನ್ನುತ್ತಾನಂತೆ, ಅದಕ್ಕಿಂತ ಹೆಚ್ಚು ಬಾಯಿ ಬಿಡುವುದಿಲ್ಲವಂತೆ. ಮೊದಲು ಬೇರೆ ಹೆಂಗಸು ಅಂದುಕೊಂಡಿದ್ದಳು.

"ಹೆಂಗಸೇ ಆಗಿದ್ರೆ ಒಳ್ಳೇದಿತ್ತು," ಅಂದಳು ಎತೆಲ್.

ನಾನು ಸಮಾಧಾನ ಹೇಳಲಿಲ್ಲ. ಅವಳನ್ನು ಅವನೇ ಕಳಿಸಿರಬಹುದು ಎಂಬ ಯೋಚನೆ ಬಂತು. ಹವೆಯ ಬಗ್ಗೆ ಮಾತಾಡಿ ಸಾಗಹಾಕಿದೆ.

ಓಡೊನ್‌ನ ಅತ್ತೆ ಗಿಜೆಲ್ಲಾ ಮಾತ್ರ ಬೇರೆ ಲೆಕ್ಕ ಹಾಕಿದಳು. ಒಂದು ಭಾನುವಾರ ಗಸಗಸೆ ಸುರುಳಿ ಬೇಯಿಸಿ, ಬಟ್ಟೆ ಮುಚ್ಚಿ ತಂದು, ವಿಲ್ಮೋಶ್‌ನ ಬಾಗಿಲು ತಟ್ಟಿದಳು. ನಾನು ಯಂತ್ರ ನಿಲ್ಲಿಸಿ ಕಿವಿ ಕೊಟ್ಟೆ.

"ಮಗಾ, ಅವನು ಯಾರಿಗೂ ಕೇಡು ಬಯಸಿದವನಲ್ಲ. ನಿನ್ನ ಕಾರಿನವರ ಕಿವಿಗೆ ಒಂದು ಮಾತು ಹಾಕು, ಸಾಕು."

"ಗಿಜೆಲ್ಲಾ ಅಮ್ಮ, ಅವರು ಆ ಥರದವರಲ್ಲ. ನಾನು ಅಲ್ಲಿ ಹೋಗಿ ಓಡ್ತೀನಿ, ಅಷ್ಟೇ."

"ಎಲ್ಲಿ ಓಡ್ತೀಯಾ?"

"ಅದು ಹೇಳೋ ಹಾಗಿಲ್ಲ. ಸಹಿ ಹಾಕಿ ಕೊಟ್ಟಿದ್ದೀನಿ."

ಅವನು ಆಡಬಹುದಾಗಿದ್ದ ಅತ್ಯಂತ ಕೆಟ್ಟ ಮಾತು ಅದು; ಚಾಡಿಕೋರರಿಂದಲೂ ಪೊಲೀಸರು ಹಾಕಿಸಿಕೊಳ್ಳುತ್ತಿದ್ದುದು ಸಹಿಯನ್ನೇ. ಸಂಜೆಯೊಳಗೆ ಇಡೀ ವಠಾರಕ್ಕೆ ವಿಲ್ಮೋಶ್ ಸಹಿ ಹಾಕಿದ್ದು ಗೊತ್ತಾಯಿತು. ಗಸಗಸೆ ಸುರುಳಿಯನ್ನು ಅವನು ತೆಗೆದುಕೊಳ್ಳಲಿಲ್ಲ; ಅವಳು ಹೊಸ್ತಿಲ ಮೇಲೇ ಇಟ್ಟು ಹೋದಳು. ಎರಡು ದಿನ ಅಲ್ಲೇ ಒಣಗಿತು.

ಆಗಸ್ಟ್ ಕೊನೆಗೆ ಕಾರು ಬರುವುದು ನಿಂತಿತು. ಅನುಮಾನ ನಿಲ್ಲಲಿಲ್ಲ. ಅವನಿಗೆ ಈಗ ವಠಾರದೊಳಗೇ ಕೆಲಸ ಕೊಟ್ಟಿದ್ದಾರೆ ಅಂದರು.

ಮರುವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ವಿಲ್ಮೋಶ್ ಮೊಗಸಾಲೆಗೆ ಬಂದು, ಎಲ್ಲರಿಗೂ ಕೇಳುವಂತೆ ಗಂಟಲೆತ್ತಿ ಹೇಳಿದ. ಕಾರ್ಖಾನೆಯೊಂದರ ಫುಟ್‌ಬಾಲ್ ತಂಡದ ಕಥೆಯ ಹೊಸ ನಗೆಸಿನಿಮಾ ಅವತ್ತೇ ಬಿಡುಗಡೆ. ಅದರ ನಾಯಕನಿಗೆ ಚೆಂಡು ನೆಟ್ಟಗೆ ಒದೆಯಲು ಬರುವುದಿಲ್ಲ. ಆಟದ ದೃಶ್ಯಗಳಲ್ಲಿ ಕಾಣುವ ಕಾಲುಗಳು ವಿಲ್ಮೋಶ್‌ನವು. ಸಿನಿಮಾ ತೆರೆ ಕಾಣುವವರೆಗೆ ಗುಟ್ಟು ಹೊರಬೀಳಬಾರದೆಂದು ಬರೆಸಿಕೊಂಡಿದ್ದರು. ಕಾರು ಸ್ಟುಡಿಯೋದ್ದು.

ಭಾನುವಾರ ಇಡೀ ವಠಾರ ಟಿಕೆಟ್ ತೆಗೆದುಕೊಂಡು ಸಿನಿಮಾಕ್ಕೆ ಹೋಯಿತು. ಅಂಥ ನಗುವನ್ನು ನಾನು ಯುದ್ಧದ ನಂತರ ಕೇಳಿರಲಿಲ್ಲ. ಕೊನೆಯ ಪಂದ್ಯದಲ್ಲಿ ಪರದೆ ತುಂಬ ಎರಡು ಕಾಲುಗಳು ಬಂದವು. ಮೂವರನ್ನು ದಾಟಿ, ಎಡಗಾಲಲ್ಲಿ ಗೋಲು ಹೊಡೆದವು. ಸಭಾಂಗಣ ಎದ್ದು ನಿಂತಿತು. ನನ್ನ ಮುಂದಿನ ಸಾಲಿನಲ್ಲಿ ಎತೆಲ್ ಕರವಸ್ತ್ರಕ್ಕೆ ಮುಖ ಒತ್ತಿಕೊಂಡು ಅಳುತ್ತಿದ್ದಳು. ನಮ್ಮ ವಠಾರದವರು ಒಬ್ಬರ ಮುಖ ಒಬ್ಬರು ನೋಡಿದರು.

ಹೊರಬಂದ ಮೇಲೆ ವಠಾರದ ಮೇಲ್ವಿಚಾರಕ ಪ್ರೊಕಾಯ್ ಹೇಳಿದ, "ಮೊಣಕಾಲಿನ ಕೆಳಗೆ ಎಲ್ಲಾ ಗಂಡಸರೂ ಒಂದೇ ಥರ ಇರ್ತಾರೆ."

ಆ ಮಾತು ವಿಲ್ಮೋಶ್‌ನ ಕಿವಿಗೂ ಬಿತ್ತು. ಮರುದಿನ ಕೆಲಸದಿಂದ ಬಂದವನೇ ಚೆಂಡು ಹಿಡಿದು ಅಂಗಳಕ್ಕೆ ಇಳಿದ. ನೆಲದ ಮೇಲೆ ಹಿಮ ತೆಳುವಾಗಿ ಹರಡಿತ್ತು. ಕೋಟು ತೆಗೆದು ನೀರಿನ ಪಂಪಿಗೆ ನೇತುಹಾಕಿ, ಚೆಂಡನ್ನು ನೆಲಕ್ಕೆ ಬೀಳಗೊಡದೆ ಒಂದು ಪಾದದಿಂದ ಇನ್ನೊಂದಕ್ಕೆ, ಮೊಣಕಾಲಿಗೆ, ಹಣೆಗೆ ಆಡಿಸತೊಡಗಿದ. ನಾವೆಲ್ಲ ಮೊಗಸಾಲೆಯ ಕಂಬಿಗಳಿಗೆ ಒರಗಿ ನಿಂತು ನೋಡಿದೆವು. ಕಾಲು ಗಂಟೆಯಾದರೂ ನಿಲ್ಲಿಸಲಿಲ್ಲ. ಮೈಯಿಂದ ಹಬೆ ಏಳುತ್ತಿತ್ತು. ತಲೆ ಎತ್ತಿ ನಮ್ಮ ಕಡೆ ಒಮ್ಮೆಯೂ ನೋಡಲಿಲ್ಲ. ಆ ಹೊತ್ತಿನಲ್ಲಿ ನಾನು ನಂಬಿದೆ. ಕೆಳಗಿಳಿದು ಹೋಗಿ ಹೇಳಬೇಕು ಅನ್ನಿಸಿತು.

"ಆಡ್ತಾನೆ, ಒಪ್ಪಿದೆ," ಅಂದ ಪಕ್ಕದಲ್ಲಿದ್ದ ಪ್ರೊಕಾಯ್, ಮೆಲ್ಲಗೆ. "ಆದ್ರೆ ಸಿನಿಮಾದವರಿಗೆ ಕಾರು ಕೊಡೋರು ಯಾರು, ಅದನ್ನ ಕೇಳಿ."

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

1953ರ ಶರತ್ಕಾಲದಲ್ಲಿ ಸರ್ಕಾರ ಜೈಲುಗಳಿಂದ ಬಹಳ ಜನರನ್ನು ಬಿಟ್ಟಿತು. ಓಡೊನ್ ಕೂಡ ಬಂದ, ಮೈ ಅರ್ಧಕ್ಕಿಳಿದು. ಗಿಜೆಲ್ಲಾ ನೇರ ಎರಡನೇ ಮಹಡಿಗೆ ಓಡಿ ವಿಲ್ಮೋಶ್‌ನ ಕೈಗೆ ಮುತ್ತಿಟ್ಟಳು. ನಾನೇನೂ ಮಾಡಿಲ್ಲ ಎಂದು ಅವನು ಎಷ್ಟು ಹೇಳಿದರೂ, ಇಂಥ ಕೆಲಸದವರು ಹೇಳುವುದು ಹಾಗೆಯೇ ಎಂದು ತಲೆಯಾಡಿಸಿದಳು. ಉಳಿದವರಿಗೂ ಇನ್ನೇನು ಬೇಕಿತ್ತು? ಬಿಡಿಸಬಲ್ಲವನು ಹಿಡಿಸಬಲ್ಲ ಕೂಡ.

ಕೆಲವು ದಿನ ಕಳೆದು ಓಡೊನ್ ತಾನೇ ಇಳಿದುಬಂದ. ಇಬ್ಬರೂ ನನ್ನ ಕಿಟಕಿಯ ಮುಂದೆ ಮೊಗಸಾಲೆಯಲ್ಲಿ ನಿಂತರು.

"ಒಂದೇ ಪ್ರಶ್ನೆ," ಅಂದ ಓಡೊನ್. "ಒಳಗೆ ಹಾಕಿಸಿದ್ದು ನೀನಾ, ಹೊರಗೆ ತಂದಿದ್ದು ನೀನಾ? ಅತ್ತೆ ಒಂದು ಹೇಳ್ತಾರೆ, ಮಿಕ್ಕೋರೆಲ್ಲ ಇನ್ನೊಂದು ಹೇಳ್ತಾರೆ."

"ನಾನು ಚೆಂಡು ಒದ್ದೆ. ಬೇರೆ ಏನೂ ಮಾಡಿಲ್ಲ."

ಓಡೊನ್ ಬಹಳ ಹೊತ್ತು ಅವನ ಮುಖ ನೋಡಿದ. ಮುಖದಲ್ಲಿ ಸುಳ್ಳು ಹುಡುಕುವುದನ್ನು ಅವನು ಎರಡು ವರ್ಷ ತನ್ನನ್ನು ವಿಚಾರಣೆ ಮಾಡಿದವರಿಂದ ಕಲಿತು ಬಂದಿದ್ದ. ಆಮೇಲೆ ಹೇಳಿದ, "ಸರಿ. ನಾನು ನಂಬ್ತೀನಿ. ಅವರು ನನ್ನನ್ನ ನಂಬದೆ ಹೋದಾಗ ಹೇಗಿತ್ತು ಅಂತ ನನಗೆ ಗೊತ್ತು."

ವಿಲ್ಮೋಶ್ ಗೋಡೆಗೆ ಒರಗಿದ. ಅವನ ಭುಜ ಅಲುಗಿದ್ದನ್ನು ಪರದೆಯ ಸಂದಿಯಿಂದ ಕಂಡೆ.

ವಠಾರ ಬದಲಾಗಲಿಲ್ಲ. ಮುಂದಿನ ವಸಂತದಲ್ಲಿ ಅವನು ಮತ್ತು ಎತೆಲ್ ತಮ್ಮ ಮನೆಯನ್ನು ನಗರದ ಇನ್ನೊಂದು ಬದಿಯ ಕೊಬಾನ್ಯಾದ ಒಂದು ಮನೆಯ ಜೊತೆ ಅದಲುಬದಲು ಮಾಡಿಕೊಂಡು ಹೊರಟರು. ಬೀರು ಹೊರಲು ಓಡೊನ್ ಒಬ್ಬನೇ ಬಂದ. ಅದರ ಒಂದು ಮೂಲೆಗೆ, ಅಷ್ಟು ತಡವಾಗಿ, ನಾನೂ ಕೈ ಹಚ್ಚಿದೆ. ವಿಲ್ಮೋಶ್ ನನಗೆ ಥ್ಯಾಂಕ್ಸ್ ಅಂದ, ಅಪರಿಚಿತರಿಗೆ ಹೇಳುವ ಹಾಗೆ. ಕೆಳಗೆ ಪ್ರೊಕಾಯ್ ಹೆಬ್ಬಾಗಿಲ ಎರಡೂ ಕದ ತೆರೆದು ಹಿಡಿದಿದ್ದ. ವಿಲ್ಮೋಶ್ ದಾಟುವಾಗ ಪ್ರೊಕಾಯ್ ಟೋಪಿ ತೆಗೆದು, ದೊಡ್ಡ ಅಧಿಕಾರಿಗಳಿಗೆ ಬಾಗುವಷ್ಟೇ ಬಾಗಿದ.